ನಾನು ಮೂರು ಸಲ ಅಂದ ಓಕೆ

ನನಗೆ ಇಂಗ್ಲಿಷ್ ಬರುವುದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ನಾಚಿಕೆಯಿರುವುದು ಬರುವ ಒಂದೇ ಒಂದು ಪದದ ಬಗ್ಗೆ. ಒಂದು ಪದಕ್ಕೇ ನನ್ನ ಸಂಸಾರ ಇಷ್ಟು ಅಲ್ಲಾಡಿತು ಅಂದಮೇಲೆ ಇಡೀ ಭಾಷೆ ಬಲ್ಲವರು ಮನೆಯಲ್ಲಿ ಹೇಗೆ ಬಾಳುತ್ತಾರೋ ಎಂದು ನನಗೆ ಅವರ ಮೇಲೆ ಕನಿಕರ ಹುಟ್ಟಿದೆ. ಆ ಪದ ಓಕೆ. ಅದರ ಅರ್ಥ ನನಗೆ ಗೊತ್ತಿದೆ ಎಂದು ಇಪ್ಪತ್ತೆರಡು ವರ್ಷ ನಂಬಿಕೊಂಡಿದ್ದೆ. ಗೊತ್ತಿಲ್ಲ ಎಂದು ತಿಳಿಯಲು ನಾನು ನಾಲ್ಕು ಬಸ್ಸು ಬದಲಾಯಿಸಿ ರೇಷ್ಮೆ ಹುಳ ಸಾಕುವ ಮನೆಯವರೆಗೆ ಹೋಗಬೇಕಾಯಿತು.

ಆಂಧ್ರದ ಗಡಿಯ ನಮ್ಮ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಘಟಕಗಳು ಬೀದಿಗೆರಡರಂತೆ ಇವೆ. ಅಂಥ ಒಂದರಲ್ಲಿ ನಾನು ಚೆಕಿಂಗ್ ಮಾಸ್ಟರ್. ಹೆಸರು ದೊಡ್ಡದು, ಕೆಲಸ ಇಷ್ಟೇ. ಹೊಲಿದು ಮುಗಿದ ಪ್ಯಾಂಟು ನನ್ನ ಮೇಜಿಗೆ ಬರುತ್ತದೆ. ನಾನು ಅದರ ಸೊಂಟಪಟ್ಟಿ ಹಿಡಿದು ಎಳೆಯುತ್ತೇನೆ, ಜಿಪ್ಪನ್ನು ಎರಡು ಸಲ ಏರಿಸಿ ಇಳಿಸುತ್ತೇನೆ, ನಾಲ್ಕೂ ಜೇಬಿಗೆ ಕೈ ಹಾಕುತ್ತೇನೆ, ಕಾಲಿನ ಅಂಚು ಮಗುಚುತ್ತೇನೆ, ಕೊನೆಗೆ ಒಳಗಿನದನ್ನು ಹೊರಗೆ ಮಾಡಿ ಕಣ್ಣಿನ ಹತ್ತಿರ ತರುತ್ತೇನೆ. ಎಲ್ಲ ಸರಿಯಿದ್ದರೆ ಸೀಮೆಸುಣ್ಣದ ಚಾಕಿನಿಂದ ಒಂದು ರೈಟು ಗುರುತು ಹಾಕಿ, ಬಾಯಲ್ಲಿ ಓಕೆ ಅಂದು ಬಲಕ್ಕೆ ಎಸೆಯುತ್ತೇನೆ. ಬಟ್ಟೆಯೇ ಕೆಟ್ಟಿದ್ದರೆ ಕತ್ತರಿ ಗುರುತು ಹಾಕಿ ಎಡಕ್ಕೆ. ಅದು ರಿಜೆಕ್ಟ್, ಅದರ ಕಥೆ ಮುಗಿಯಿತು. ಮೂರನೆಯದೊಂದಿದೆ. ಬಟ್ಟೆ ಗಟ್ಟಿಯಿದೆ, ಹೊಲಿಗೆ ಮಾತ್ರ ದಾರಿ ತಪ್ಪಿದೆ. ಅದಕ್ಕೆ ಒಂದು ದೊಡ್ಡ ಸೊನ್ನೆ. ಅದು ಆಲ್ಟರ್. ಬಿಚ್ಚಿ ಮತ್ತೆ ಹೊಲಿದರೆ ಸರಿಹೋಗುತ್ತದೆ. ಚಾಕಿನ ತುಂಡು ಸದಾ ನನ್ನ ಅಂಗಿಯ ಜೇಬಿನಲ್ಲೇ ಇರುತ್ತದೆ. ಅಂಗಿ ಒಗೆಯುವ ಮುಂಚೆ ನನ್ನ ಹೆಂಡತಿ ಪುಟ್ಟಲಕ್ಷ್ಮಿ ಅದನ್ನು ತೆಗೆದು ಕಿಟಕಿಯ ಮೇಲೆ ಇಡುತ್ತಾಳೆ, ಬೆಳಿಗ್ಗೆ ಮತ್ತೆ ಜೇಬಿಗೆ ಹಾಕುತ್ತಾಳೆ.

ಆಲ್ಟರ್ ಪೀಸುಗಳನ್ನು ಬಿಚ್ಚಿ ಹೊಲಿಯುವವಳು ನನ್ನ ಎದುರಿನ ಮಷಿನ್ನಿನ ಮಹಬೂಬಿ. ಅವಳಿಗೆ ಮನೆಯಲ್ಲಿ ಉರ್ದು, ಸಂತೆಯಲ್ಲಿ ತೆಲುಗು, ನನಗೆ ಬುದ್ಧಿ ಹೇಳಲು ಕನ್ನಡ. ನಮ್ಮ ಘಟಕದಲ್ಲಿ ಎಲ್ಲರದೂ ಹೀಗೇ. ಒಬ್ಬರು ಸರೇ ಅನ್ನುತ್ತಾರೆ, ಒಬ್ಬರು ಠೀಕ್ ಹೈ ಅನ್ನುತ್ತಾರೆ, ಒಬ್ಬರು ಆತ್ರಿ ಅನ್ನುತ್ತಾರೆ. ಯಾರಿಗೆ ಯಾವುದು ಹೇಳಬೇಕೆಂದು ತಲೆ ಕೆಡಿಸಿಕೊಳ್ಳುವ ಬದಲು ನಾನು ಎಲ್ಲರಿಗೂ ಓಕೆ ಅಂದೆ. ಯಾರಿಗೂ ಬೇಸರವಾಗಲಿಲ್ಲ. ಯಾರ ಮನೆಯದೂ ಅಲ್ಲದ ಪದಕ್ಕೆ ಇರುವ ದೊಡ್ಡ ಅನುಕೂಲ ಇದೇ, ಅದನ್ನು ಎಲ್ಲರ ಮನೆಯೊಳಗೂ ಬಿಡುತ್ತಾರೆ.

ನಮ್ಮ ಹಳೆಯ ಮಾತುಗಳಿಗೆ ಈ ಅನುಕೂಲವಿಲ್ಲ. ನನ್ನ ಅಜ್ಜಿ ಕಥೆ ಹೇಳುವಾಗ ನಾವು ಹ್ಞೂಂ ಅನ್ನುತ್ತಲೇ ಇರಬೇಕಿತ್ತು. ಹೂಂಗುಟ್ಟುವುದು ನಿಂತರೆ ಕಥೆಯೂ ನಿಲ್ಲುತ್ತಿತ್ತು. ಬರೀ ಬಾಯಲ್ಲಿ ಹ್ಞೂಂ ಅಂದರೂ ಅವಳಿಗೆ ಗೊತ್ತಾಗುತ್ತಿತ್ತು. ರಾಜ ಕಾಡಿಗೆ ಹೋದ, ಹ್ಞೂಂ, ಅಲ್ಲಿ ಒಂದು ಕಟ್ಟಿರುವೆ ರೊಟ್ಟಿ ತಟ್ಟುತ್ತಿತ್ತು, ಹ್ಞೂಂ ಅಂದೆವೋ, ತಲೆಯ ಮೇಲೊಂದು ಮೊಟಕು ಬೀಳುತ್ತಿತ್ತು. ಹ್ಞೂಂ ಅನ್ನಲು ಕಿವಿ ಬೇಕು. ಆಯ್ತು ಅನ್ನಲು ಎದುರಿನವರ ಮುಖ ನೋಡಬೇಕು. ಓಕೆಗೆ ಎರಡೂ ಬೇಡ. ಓಕೆ ಅಂದರೆ ಕೇಳಿಸಿಕೊಂಡೆ ಎಂದೂ ಅಲ್ಲ, ಒಪ್ಪಿದೆ ಎಂದೂ ಅಲ್ಲ, ಇನ್ನು ನೀವು ಮಾತು ನಿಲ್ಲಿಸಬಹುದು ಎಂದು. ಪ್ಯಾಂಟಿಗೆ ಓಕೆ ಅನ್ನುವ ಮುಂಚೆ ಅಷ್ಟು ಕಡೆ ಕೈಯಾಡಿಸುತ್ತಿದ್ದ ನಾನು ಮನುಷ್ಯರಿಗೆ ಕೈ ತೊಳೆದುಕೊಳ್ಳುವಷ್ಟು ಸುಲಭವಾಗಿ ಓಕೆ ಅನ್ನುತ್ತಿದ್ದೆ.

ಈ ಪದ ನನಗೆ ಒಂದು ಸಲ ಒಳ್ಳೆಯದನ್ನೂ ಮಾಡಿದೆ, ಸುಳ್ಳು ಹೇಳಬಾರದು. ನನ್ನ ಮಗಳನ್ನು ನೋಡಲು ಬಳ್ಳಾರಿಯಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗ ಜೀನ್ಸ್ ಹಾಕಿಕೊಂಡಿದ್ದ. ಹಿರಿಯರು ಗೋತ್ರ, ಬೆಡಗು ಎಂದೇನೋ ಮಾತಾಡುತ್ತಿದ್ದರು. ನನ್ನ ಕಣ್ಣು ಆ ಪ್ಯಾಂಟಿನ ಪಕ್ಕದ ಹೊಲಿಗೆಯ ಮೇಲೆ ಹೋಯಿತು. ಬಹಳ ಚೆನ್ನಾಗಿತ್ತು. ನನಗೇ ಗೊತ್ತಿಲ್ಲದಂತೆ, “ಏಳಪ್ಪ, ಸ್ವಲ್ಪ ಆ ಕಡೆ ತಿರುಗು,” ಅಂದೆ. ಪಾಪ, ಹುಡುಗ ಎದ್ದು ತಿರುಗಿದ. ಬಗ್ಗಿ ಕಾಲಿನ ಅಂಚು ಮಗುಚಿ ನೋಡಿ, “ಓಕೆ,” ಅಂದೆ. ಅವರ ಕಡೆಯ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮಾವನವರಿಗೆ ಒಪ್ಪಿಗೆಯಾಯಿತಂತೆ ಎಂದು ಸಕ್ಕರೆ ಹಂಚಿಬಿಟ್ಟರು. ದೇವರು ದೊಡ್ಡವನು, ಹುಡುಗನೂ ಹೊಲಿಗೆಯಷ್ಟೇ ಗಟ್ಟಿಯಾಗಿದ್ದ. ಆದರೆ ಆವತ್ತು ಪುಟ್ಟಲಕ್ಷ್ಮಿ ಅಡುಗೆಮನೆಯಲ್ಲಿ ನನ್ನನ್ನು ನಿಲ್ಲಿಸಿಕೊಂಡು, “ನೋಡಿದ್ದು ಪ್ಯಾಂಟೋ ಹುಡುಗನ್ನೋ?” ಎಂದು ಕೇಳಿದಳು.

ಪುಟ್ಟಲಕ್ಷ್ಮಿಯ ತವರು ಮಡಕಶಿರದ ಆಚೆ, ಹೇಮಾವತಿ ಎಂಬ ಊರಿನ ಹತ್ತಿರದ ಒಂದು ಹಳ್ಳಿ. ಶೇಂಗಾ, ರಾಗಿ, ಒಂದಿಷ್ಟು ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುವ ಮನೆ. ಅವಳ ಮಾತೇ ಬೇರೆ. ನಾನು ಯಾಕ ಅಂದರೆ ಅವಳು ಯಾಕೆ ಅನ್ನುತ್ತಾಳೆ, ನಾನು ಐತಿ ಅಂದರೆ ಅವಳು ಐತೆ ಅನ್ನುತ್ತಾಳೆ. ಮದುವೆಯಾಗಿ ರಾಯದುರ್ಗಕ್ಕೆ ಬಂದಾಗ ಹೊಸತರಲ್ಲಿ ಬಹಳ ಮಾತಾಡುತ್ತಿದ್ದಳು. ಬರಬರುತ್ತಾ ಕಡಿಮೆಯಾಯಿತು. ಈ ಊರಿನ ಗಾಳಿಗೆ ಹಾಗಾಗಿರಬೇಕು ಎಂದುಕೊಂಡಿದ್ದೆ. ನಡುನಡುವೆ ಅವಳೂ ನನ್ನ ಅಜ್ಜಿಯ ಹಾಗೆ ಪರೀಕ್ಷೆ ಮಾಡುತ್ತಿದ್ದಳಂತೆ. “ಸಾರಿಗೆ ಇವತ್ತು ಸಕ್ರೆ ಹಾಕಿದೀನಿ,” ಅನ್ನುವಳು, ನಾನು ಓಕೆ. “ನಿಮ್ಮ ತಲೆ ಮೇಲೆ ಹಲ್ಲಿ ಕೂತೈತೆ,” ಅನ್ನುವಳು, ನಾನು ಓಕೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅವಳು ಆಗ ನಕ್ಕಿದ್ದಳೋ ಇಲ್ಲವೋ ಅದೂ ನನಗೆ ಗೊತ್ತಿಲ್ಲ.

ಈ ಸಲ ಯುಗಾದಿ ಕಳೆದು ಸ್ವಲ್ಪ ದಿನವಾಗಿತ್ತು. ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತಿದ್ದೆ. ಪುಟ್ಟಲಕ್ಷ್ಮಿ ಒಳ್ಳೆಯ ಸೀರೆ ಉಟ್ಟು, ಎರಡು ಚೀಲ ಹಿಡಿದು ಹೊಸ್ತಿಲ ಮೇಲೆ ಬಂದಳು.

“ಬಸ್ಸಿಗೆ ಹೊತ್ತಾಯ್ತು. ರಾಗಿ ಹಿಟ್ಟು ಕೆಳಗಿನ ಡಬ್ಬಿಲೈತೆ, ಜೋಳದ್ದು ಮೇಲಿಂದ್ರಲ್ಲಿ,” ಅಂದಳು.

ಬಾಯ ತುಂಬ ನೊರೆ ಇಟ್ಟುಕೊಂಡೇ ಎಲ್ಲಿಗೆ ಎಂದು ಕೇಳಿದೆ.

“ನಮ್ಮೂರಿಗೆ. ಅಕ್ಕನ ಜೊತೆ ಹುಳ ಸಾಕಕ್ಕೆ. ಎರಡು ಬೆಳೆ ಮುಗಿಸ್ಕಂಡು ಬತ್ತೀನಿ.”

ಒಂದು ಬೆಳೆಗೆ ಹೆಚ್ಚುಕಡಿಮೆ ಒಂದು ತಿಂಗಳು. ನಾನು ನೊರೆ ಉಗುಳಿ, ಇದನ್ನು ಯಾವಾಗ ಹೇಳಿದೆ, ಯಾರನ್ನು ಕೇಳಿ ಹೊರಟೆ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

“ಮೂರು ಸಲ ಯೋಳಿದೀನಿ. ಕ್ರಿಕೆಟ್ ನೋಡ್ತಾ ಇದ್ದಾಗ ಒಂದ್ಸಲ, ಮಂಡಕ್ಕಿ ಮಿರ್ಚಿ ತಿಂತಾ ಇದ್ದಾಗ ಒಂದ್ಸಲ, ಹಬ್ಬಕ್ಕೆ ಮಗಳು ಬಂದಿದ್ದಾಗ ಅವಳ ಮುಂದೇನೇ ಒಂದ್ಸಲ. ಮೂರು ಸಲಾನೂ ಓಕೆ ಅಂದ್ರಿ.”

ನಾನು ಅಲ್ಲೇ ಮಗಳಿಗೆ ಫೋನು ಹಚ್ಚಿದೆ. ಮಗಳು ಅಪ್ಪನ ಪಕ್ಷ ಎಂಬ ಗಾದೆಯಂಥ ನಂಬಿಕೆ ನನಗಿತ್ತು. ಅವಳು, “ಹೌದಪ್ಪ, ನಾನೂ ಅಲ್ಲೇ ಇದ್ನಲ್ಲ. ಓಕೆ ಅಂದಿ. ಅಷ್ಟ ಅಲ್ಲ, ಭಾಳ ಒಳ್ಳೇದು ಅಂತನೂ ಅಂದಿ,” ಅಂದಳು. ಆ ಎರಡು ಪದ ಹೆಚ್ಚಿಗೆ ಯಾಕೆ ಅಂದೆನೋ ದೇವರಿಗೇ ಗೊತ್ತು.

ಪುಟ್ಟಲಕ್ಷ್ಮಿ ಚೀಲ ಎತ್ತಿಕೊಂಡಳು. ಕೋಪವೇನೂ ಕಾಣಲಿಲ್ಲ, ಅದೇ ನನಗೆ ಕಷ್ಟವಾದದ್ದು. “ಬ್ಯಾಡ ಅಂದಿದ್ರೆ ಜಗಳ ಆಡ್ತಿದ್ದೆ. ಯಾಕೆ ಅಂತ ಕೇಳಿದ್ರೆ ಯೋಳ್ತಿದ್ದೆ. ಓಕೆ ಅಂದ್ರೆ ನಾನೇನು ಮಾಡ್ಲಿ?” ಅಂದು ಹೊರಟುಬಿಟ್ಟಳು.

ಮೊದಲ ವಾರ ನಾನು ಶೂರನ ಹಾಗೆ ಇದ್ದೆ. ನನಗೂ ಅಡುಗೆ ಬರುತ್ತದೆ ಎಂದು ಘಟಕದಲ್ಲಿ ಎಲ್ಲರಿಗೂ ಹೇಳಿಕೊಂಡೆ. ನಾನು ತಟ್ಟಿದ ರೊಟ್ಟಿ ನೋಡಿ ಮಹಬೂಬಿ, “ಮಾಸ್ಟರ್, ಇದು ಯಾವ ಪ್ಯಾಂಟಿಗೆ ಹಚ್ಚೋ ತ್ಯಾಪಿರಿ?” ಎಂದು ಕೇಳಿದಳು. ಎರಡನೆಯ ವಾರ ಮನೆಯಲ್ಲಿ ಸುಮ್ಮನೆ ಕೂತಿದ್ದಾಗ ಒಂದು ಸಲ ಓಕೆ ಅಂದುಬಿಟ್ಟೆ. ಯಾರೂ ಏನೂ ಕೇಳಿರಲಿಲ್ಲ. ಯಾರಾದರೂ ಏನಾದರೂ ಹೇಳುತ್ತಿರಬೇಕಾದ ಹೊತ್ತು ಅದು, ಅಷ್ಟೇ. ಇದನ್ನು ಘಟಕದಲ್ಲಿ ಯಾರಿಗೂ ಹೇಳಿಲ್ಲ, ಈಗ ನಿಮಗೆ ಹೇಳುತ್ತಿದ್ದೇನೆ.

ಅವಳು ಮಧ್ಯಾಹ್ನ ಊಟದ ಹೊತ್ತಿಗೆ ಫೋನು ಮಾಡುತ್ತಿದ್ದಳು. ನಮ್ಮಲ್ಲಿ ಆ ಹೊತ್ತಿಗೂ ನಾಲ್ಕು ಮಷಿನ್ನು ಓಡುತ್ತಲೇ ಇರುತ್ತವೆ. ಒಂದು ದಿನ ಬಹಳ ಖುಷಿಯಲ್ಲಿದ್ದಳು. “ಹುಳ ದೊಡ್ಡವಾಗವೆ. ಸೊಪ್ಪು ಹಾಕಿದೀನಿ. ತಿನ್ನೋ ಸದ್ದು ಕೇಳ್ರಿ, ಮಳೆ ಹನಿ ಬಿದ್ದಂಗಿರ್ತದೆ,” ಎಂದು ಫೋನನ್ನು ಹುಳಗಳ ತಟ್ಟೆಯ ಮೇಲೆ ಹಿಡಿದಳು. ನನಗೆ ಕೇಳಿಸಿದ್ದು ಮಷಿನ್ನಿನ ಸದ್ದು. ಒಂದು ನಿಮಿಷದ ಮೇಲೆ ಅವಳು ಫೋನನ್ನು ಮತ್ತೆ ಕಿವಿಗಿಟ್ಟುಕೊಂಡಾಗ ನಾನು ಓಕೆ, ಓಕೆ ಅನ್ನುತ್ತಿದ್ದೆನಂತೆ. ಹುಳಗಳ ಜೊತೆಗೂ ನಾನು ಅದನ್ನೇ ಮಾತಾಡಿದೆ ಅಂದಹಾಗಾಯಿತು.

ಅದಾಗಿ ನಾಲ್ಕೈದು ದಿನಕ್ಕೆ ಇನ್ನೊಂದು ಫೋನು. ಮೇಜಿನ ಮೇಲೆ ಪ್ಯಾಂಟುಗಳು ಗುಡ್ಡೆ ಬಿದ್ದಿದ್ದವು. ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಜಿಪ್ಪು ಎಳೆಯುತ್ತಾ ಮಾತಾಡಿದೆ, ಓಕೆ ಅಂದೆ, ಫೋನು ಇಟ್ಟೆ. ಮಹಬೂಬಿ ಮಷಿನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

“ಮಾಸ್ಟರ್, ಅಕ್ಕಾರು ಏನು ಕೇಳಿದ್ರು, ನೀವು ಯಾವುದಕ್ಕ ಓಕೆ ಅಂದ್ರಿ?”

“ಏನೋ ಅವರ ಅಕ್ಕನ ಮಾತು. ಯಾಕ?”

“ನಿಮ್ಮ ಫೋನಿನ ದನಿ ನನಗೂ ಕೇಳಸ್ತದರಿ. ಅಕ್ಕ ಇಲ್ಲೇ ಇದ್ಬಿಡು ಅಂತಾಳೆ, ಬೆಳೆ ಮೇಲೆ ಬೆಳೆ ಮಾಡ್ಕಂಡು ಇರಾನ ಅಂತಾಳೆ, ಏನಂತೀರ ಅಂತ ಕೇಳಿದ್ರು. ನೀವು ಓಕೆ ಅಂದ್ರಿ.”

ಕೈಯಲ್ಲಿದ್ದ ಪ್ಯಾಂಟಿಗೆ ನಾನು ಯಾವ ಗುರುತು ಹಾಕಿದೆನೋ ನೆನಪಿಲ್ಲ. ತಿರುಗಿ ಫೋನು ಮಾಡಿದರೆ ಅವಳು ಎತ್ತಲಿಲ್ಲ. ಸೊಪ್ಪು ಕೊಯ್ಯಲು ಹೋಗಿದ್ದಳಂತೆ. ಸಂಜೆ ಎತ್ತಿದಳು. ಊಟ ಆಯ್ತಾ ಎಂದು ಕೇಳಿದೆ. ಆಯ್ತು ಅಂದಳು. ಇಪ್ಪತ್ತೆರಡು ವರ್ಷ ಒಂದೇ ಪದದಲ್ಲಿ ಸಂಸಾರ ಮಾಡಿದವನಿಗೆ ಎರಡನೆಯ ಪದ ಸುಲಭಕ್ಕೆ ಸಿಗುವುದಿಲ್ಲ. ಆ ವಾರ ನನಗೆ ನಿಜವಾಗಿ ಭಯವಾಯಿತು.

ಭಾನುವಾರ ಮೊದಲ ಬಸ್ಸಿಗೆ ಹೊರಟೆ. ಕಲ್ಯಾಣದುರ್ಗದಲ್ಲಿ ಇಳಿದು ಹತ್ತಿ, ಮಡಕಶಿರದಲ್ಲಿ ಇಳಿದು ಹತ್ತಿ, ಮತ್ತೊಂದು ಕಡೆ ಇಳಿದು ಹತ್ತಿ, ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿದೆ. ಅಲ್ಲಿ ಮುಟ್ಟುವ ಹೊತ್ತಿಗೆ ಎಲ್ಲ ಮರೆತಿತ್ತು. ಹುಳದ ಮನೆಯ ಮುಂದೆ ಚಪ್ಪರದ ನೆರಳಿನಲ್ಲಿ ಬಿಳಿಯ ಗೂಡುಗಳು ರಾಶಿ ಬಿದ್ದಿದ್ದವು. ಹುಳಗಳೆಲ್ಲ ಗೂಡು ಕಟ್ಟಿ ಮುಗಿಸಿದ್ದವು. ಪುಟ್ಟಲಕ್ಷ್ಮಿ ರಾಶಿಯ ಮುಂದೆ ಕೂತು ಒಂದೊಂದೇ ಗೂಡು ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಂದನ್ನು ಈ ಬುಟ್ಟಿಗೆ, ಒಂದನ್ನು ಆ ಬುಟ್ಟಿಗೆ ಹಾಕುತ್ತಿದ್ದಳು. ಅವಳ ಅಕ್ಕ ಗಂಗಮ್ಮ ನೀರು ಕೊಟ್ಟು, “ಬನ್ನಿ, ಇವತ್ತಾದ್ರೂ ದಾರಿ ಗೊತ್ತಾಯ್ತಲ್ಲ,” ಅಂದು ಒಳಗೆ ಹೋದಳು.

ನಾನು ಎದುರಿಗೆ ಕೂತೆ. ಇಪ್ಪತ್ತೆರಡು ವರ್ಷ ಜೊತೆಗಿದ್ದ ಹೆಂಗಸು ನನ್ನದೇ ಕೆಲಸ ಮಾಡುತ್ತಾಳೆ ಎಂದು ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ.

“ಅವತ್ತು ಫೋನಿನಾಗ ನಾನು...” ಎಂದು ಶುರುಮಾಡಿದೆ.

ಅವಳು ಒಂದು ಗೂಡನ್ನು ನನ್ನ ಕೈಗಿಟ್ಟಳು. “ನೀವೂ ಮಾಸ್ಟರಲ್ವಾ. ನೋಡಿ ಯೋಳಿ, ಇದು ಎಂಗೈತೆ?”

ನನಗೆ ಒಳಗೊಳಗೇ ಹುಮ್ಮಸ್ಸು ಬಂತು. ಬೆಳಕಿಗೆ ಹಿಡಿದೆ, ಎರಡೂ ತುದಿ ಒತ್ತಿ ನೋಡಿದೆ, ಬಣ್ಣ ನೋಡಿದೆ, ಕಲೆ ಹುಡುಕಿದೆ. ಎಲ್ಲೂ ಕುಂದಿಲ್ಲ. “ಓಕೆ,” ಅಂದೆ.

ಅವಳು ಅದನ್ನು ವಾಪಸು ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದಳು. ಆಮೇಲೆ ನನ್ನ ಕಿವಿಗೂ ಹಿಡಿದು ಅಲ್ಲಾಡಿಸಿದಳು. ಏನೂ ಕೇಳಿಸಲಿಲ್ಲ. ಇನ್ನೊಂದು ಗೂಡು ಹಿಡಿದಳು. ಅದರೊಳಗೆ ಲೊಟಲೊಟ ಎಂದು ಏನೋ ಆಡಿತು.

“ಇದು ಬದುಕೈತೆ. ಅದು ಒಳಗೇ ಸತ್ತೈತೆ. ನೀವು ಚೆನ್ನಾಗಿ ನೋಡ್ತೀರ. ಕೇಳಲ್ಲ,” ಅಂದಳು. ಸದ್ದಿಲ್ಲದ ಗೂಡನ್ನು ಬೇರೆ ಬುಟ್ಟಿಗೆ ಹಾಕಿದಳು.

ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದು ಯಾವುದೂ ಬರಲಿಲ್ಲ, ಬೇರೆಯದೇ ಬಂತು. “ಪುಟ್ಟಲಕ್ಷ್ಮಿ, ನನಗ ಓಕೆ ಇಲ್ಲ. ನೀನು ಇಲ್ಲೇ ಇದ್ದುಬಿಡೋದು ನನಗ ಓಕೆ ಇಲ್ಲ. ಮನಿ ಬಿಕೋ ಅಂತೈತಿ. ಮೊನ್ನೆ ಒಬ್ಬನ ಕುಂತು ಗ್ವಾಡಿಗೆ ಓಕೆ ಅಂದೆ,” ಅಂದೆ.

ಅವಳು ಇನ್ನೂ ನಾಲ್ಕು ಗೂಡು ಆರಿಸಿ ಬುಟ್ಟಿಗೆ ಹಾಕಿದಳು. ಐದನೆಯದನ್ನು ಕೈಯಲ್ಲಿ ಹಿಡಿದುಕೊಂಡು, “ಮೊದ್ಲು ನಾನು ಯಾಕೆ ಬಂದೆ ಅಂತ ಕೇಳಿ,” ಅಂದಳು.

“ಯಾಕ ಬಂದಿ?”

ಅವಳು ಹೇಳತೊಡಗಿದಳು. ಒಂಬತ್ತು ವರ್ಷದವಳಿದ್ದಾಗಲೇ ಸೊಪ್ಪು ಕತ್ತರಿಸಿ ಹುಳಕ್ಕೆ ಹಾಕುತ್ತಿದ್ದಳಂತೆ. ಹುಳಕ್ಕೆ ರೋಗ ಬಂದರೆ ಬಣ್ಣ ನೋಡಿಯೇ ಹೇಳುತ್ತಿದ್ದಳಂತೆ. ರಾಯದುರ್ಗದಲ್ಲಿ ಆ ಕೈಗೆ ಕೆಲಸವಿರಲಿಲ್ಲ. “ಇಲ್ಲಿ ದಿನಾ ನಾಲ್ಕು ಜನ ಬಂದು, ಪುಟ್ಟಕ್ಕ, ನಮ್ಮ ಹುಳ ನೋಡು ಬಾ ಅಂತಾರೆ. ನಾನು ಯೋಳಿದ್ದು ಕೇಳ್ಕಂಡು ಹೋಗಿ ಅಂಗೇ ಮಾಡ್ತಾರೆ. ಅಲ್ಲಿ ನನ್ನ ಮಾತು ಯಾರಿಗೆ ಬೇಕಾಗಿತ್ತು?” ಅಂದಳು. ಅವಳ ಕಣ್ಣಿನಲ್ಲಿ ನೀರಿರಲಿಲ್ಲ. ನನ್ನ ಕಣ್ಣಿನಲ್ಲಿತ್ತು. ಮೂರು ಸಲ ಓಕೆ ನಾಲಗೆಯ ತುದಿಗೆ ಬಂತು. ಮೂರು ಸಲವೂ ನುಂಗಿ, ಹ್ಞೂಂ ಅಂದೆ. ಬಹಳ ದಿನದ ಮೇಲೆ ಅಂದದ್ದರಿಂದ ಮೊದಲನೆಯದು ಕೆಮ್ಮಿನ ಹಾಗೆ ಕೇಳಿಸಿತು.

ಹೊತ್ತು ಇಳಿಯುವವರೆಗೂ ಮಾತಾಡಿದಳು. ನಡುವೆ ಒಂದು ಕಡೆ ಅದೇ ದನಿಯಲ್ಲಿ, “ನಿನ್ನೆ ಒಂದು ಹುಳ ತೆಲುಗು ಮಾತಾಡ್ತು,” ಅಂದಳು.

“ಏನಂತು?” ಅಂದೆ.

ಅವಳ ಕೈ ನಿಂತಿತು. ನನ್ನ ಮುಖ ನೋಡಿದಳು. “ಬಾವ ವಚ್ಚಾಡಾ ಅಂತು. ಇನ್ನೂ ಬಂದಿಲ್ಲ ಅಂದೆ,” ಅಂದು ನಗಲು ಶುರುಮಾಡಿದಳು. ಗಂಗಮ್ಮ ಏನಾಯಿತೋ ಎಂದು ಒಳಗಿನಿಂದ ಇಣುಕಿ ನೋಡಿದಳು. ಪುಟ್ಟಲಕ್ಷ್ಮಿ ಹಾಗೆ ನಗುವುದನ್ನು ನಾನು ಕೊನೆಯ ಸಲ ಯಾವಾಗ ಕೇಳಿದ್ದೆನೋ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಆದರೆ ವಾಪಸು ಬರುತ್ತೀಯಾ ಎಂಬುದಕ್ಕೆ ಮಾತ್ರ ಅವಳು ಉತ್ತರ ಕೊಡಲಿಲ್ಲ. ಊಟಕ್ಕೆ ಬಡಿಸುವಾಗ ಕೇಳಿದೆ, “ಎರಡನೇ ಬೆಳೆ ಮುಗೀಲಿ, ನೋಡಾನ,” ಅಂದಳು. ಬೆಳಿಗ್ಗೆ ಸ್ನಾನಕ್ಕೆ ಹೋಗುವ ಮುಂಚೆ ಮತ್ತೆ ಕೇಳಿದೆ, “ನೀರು ಆರೋಯ್ತದೆ, ಹೋಗಿ,” ಅಂದಳು. ಸ್ನಾನ ಮುಗಿಸಿ ಬಂದಾಗ ಗೂಟಕ್ಕೆ ನೇತುಹಾಕಿದ್ದ ನನ್ನ ಕಡುನೀಲಿ ಅಂಗಿಯನ್ನು ಅವಳೇ ತೆಗೆದು ಹಿಂದಿನಿಂದ ತೊಡಿಸಿದಳು. ಹೊಸದಾಗಿ ಮದುವೆಯಾದವಳ ಹಾಗೆ ಇದೇನು ಉಪಚಾರ ಎಂದು ಸ್ವಲ್ಪ ಉಬ್ಬಿದೆ. ಜೇಬಿಗೆ ಚಾಕಿನ ತುಂಡನ್ನೂ ಹಾಕಿದಳು. ನಾಲ್ಕು ಬಸ್ಸಿನಲ್ಲಿ ಎದೆ ಸೆಟೆಸಿ ಕೂತು ಬಂದೆ. ಒಬ್ಬಿಬ್ಬರು ನನ್ನ ಕಡೆ ನೋಡಿ ನಕ್ಕರು, ನಾನೂ ನಕ್ಕೆ.

ಅರ್ಧ ದಿನದ ರಜೆ ಹೇಳಿದ್ದರಿಂದ ಬಸ್ ನಿಲ್ದಾಣದಿಂದ ನೇರವಾಗಿ ಘಟಕಕ್ಕೇ ಹೋದೆ. ನನ್ನ ಮೇಜಿನ ಕಡೆ ಹೊರಟವನನ್ನು ಮಹಬೂಬಿ ತಡೆದಳು.

“ಮಾಸ್ಟರ್, ನಿಂದರ್ರಿ. ಸ್ವಲ್ಪ ಆ ಕಡೆ ತಿರುಗ್ರಿ.”

ತಿರುಗಿದೆ. ಅಳಿಯನಿಗೆ ಆವತ್ತು ಹೇಗಾಗಿತ್ತೋ ನನಗೆ ಈಗ ತಿಳಿಯಿತು.

“ಯಾರೋ ನಿಮ್ಮನ್ನ ಚೆಕ್ ಮಾಡಿ ಕಳಿಸ್ಯಾರಲ್ರಿ,” ಅಂದಳು. ಬೆನ್ನ ಮೇಲೆ ಚಾಕಿನಿಂದ ಗುರುತು ಹಾಕಿದ್ದಾರಂತೆ, ಅಂಗೈಯಗಲ.

“ಕತ್ತರಿಯೇನ?” ಎಂದು ಕೇಳಿದೆ.

“ಅಲ್ರಿ. ಸೊನ್ನೆ,” ಅಂದಳು ಮಹಬೂಬಿ. ಮಷಿನ್ನುಗಳೆಲ್ಲ ಒಂದೊಂದಾಗಿ ನಿಂತು, ಸಾಲಿಗೆ ಸಾಲೇ ನಗತೊಡಗಿತು. “ಬಿಚ್ಚಿ ಹೊಲೀಬೇಕಂತರಿ. ನನ್ನ ಕೈಲಿ ಆಗಲ್ಲ, ಅವರೇ ಬಂದು ಹೊಲ್ಕಳ್ಳಿ.”

ಆ ಅಂಗಿಯನ್ನು ನಾನು ಇನ್ನೂ ಒಗೆದಿಲ್ಲ. ಎರಡನೆಯ ಬೆಳೆಯ ಹುಳಗಳು ಈಗ ಸೊಪ್ಪು ತಿನ್ನುತ್ತಿವೆ. ಮಧ್ಯಾಹ್ನ ಫೋನು ಬಂದರೆ ನಾನು ಮೇಜು ಬಿಟ್ಟು, ಮಷಿನ್ನಿನ ಸದ್ದು ಬಾರದ ಕಡೆ, ಹೊರಗೆ ಹುಣಸೆಮರದ ಕೆಳಗೆ ನಿಲ್ಲುತ್ತೇನೆ. ಆದರೆ ಒಂದು ವಿಷಯ ನನ್ನನ್ನು ಕೊರೆಯುತ್ತಲೇ ಇದೆ. ರೈಟು, ಕತ್ತರಿ, ಸೊನ್ನೆ ಅಂದರೆ ಏನೇನು ಎಂದು ನಾನು ಪುಟ್ಟಲಕ್ಷ್ಮಿಗೆ ಹೇಳಿದ್ದು ಒಂದೇ ಒಂದು ಸಲ, ಮದುವೆಯಾದ ಹೊಸತರಲ್ಲಿ, ಅವಳು ಅಕ್ಕಿ ಆರಿಸುತ್ತಾ ಕೂತಿದ್ದಾಗ. ತಲೆಯೆತ್ತಿ ಕೂಡ ನೋಡಿರಲಿಲ್ಲ. ಬರೀ ಹ್ಞೂಂ ಅಂದಿದ್ದಳು.